ಮತದಾನ ಏರಿದರೆ ಯಾರಿಗೆ ಲಾಭ?

ಶಾಯಿಬೆರಳು

ಮತದಾನ ಮುಗಿದ ಸಂಜೆ ಟಿವಿಯಲ್ಲಿ ಒಂದು ಮಾತು ಖಾಯಂ. "ಈ ಸಲ ಪ್ರಮಾಣ ಜಾಸ್ತಿ ಆಗಿದೆ, ಅಂದರೆ ಆಡಳಿತ ವಿರೋಧಿ ಅಲೆ ಇದೆ." ಪ್ರಮಾಣ ಕಮ್ಮಿ ಆದರೆ ಅದೇ ಪಂಡಿತರು "ಜನರಿಗೆ ಬೇಸರ ಬಂದಿದೆ, ಆಡಳಿತ ಪಕ್ಷಕ್ಕೆ ಹೊಡೆತ" ಎನ್ನುತ್ತಾರೆ. ಏರಿದರೂ ಏಟು, ಇಳಿದರೂ ಏಟು ಅನ್ನುವುದಾದರೆ ಆ ಅಂಕಿ ಯಾತಕ್ಕೆ ಬೇಕು, ಅಲ್ವಾ?

ಪ್ರತಿ ಸಲವೂ ತಪ್ಪದೆ ಓಟು ಹಾಕುವವರು ಒಂದಿಷ್ಟು ಜನ. ಏನೇ ಆದರೂ ಬೂತ್ ಕಡೆ ತಲೆ ಹಾಕದವರು ಒಂದಿಷ್ಟು ಜನ. ನನಗೆ ಕುತೂಹಲ ಇರುವುದು ಇವರಿಬ್ಬರ ನಡುವಿನವರ ಬಗ್ಗೆ. ಒಂದು ಸಲ ಬಂದು ಎರಡು ಸಲ ಕೈಕೊಡುವವರು.

ಚಿಲಿ ದೇಶದ ಲೆಕ್ಕ ನೋಡಿ. 2021ರ ಡಿಸೆಂಬರ್‌ನಲ್ಲಿ ಎಡಪಂಥದ ಗೇಬ್ರಿಯಲ್ ಬೋರಿಕ್ ಅಧ್ಯಕ್ಷರಾಗಿ ಗೆದ್ದರು. ಸಿಕ್ಕ ಓಟು ಸುಮಾರು 46 ಲಕ್ಷ. ಆಗ ಓಟು ಹಾಕುವುದು ಬಿಡುವುದು ಅವರವರ ಇಷ್ಟ. ಬಂದವರು ಶೇ 55ರಷ್ಟು. ಒಂಬತ್ತು ತಿಂಗಳ ನಂತರ, 2022ರ ಸೆಪ್ಟೆಂಬರ್‌ನಲ್ಲಿ, ಹೊಸ ಸಂವಿಧಾನದ ಕರಡು ಬೇಕೋ ಬೇಡವೋ ಎಂದು ಜನಮತ ಕೇಳಿದರು. ಆ ಸಲ ಮತದಾನ ಕಡ್ಡಾಯ. ಶೇ 85ಕ್ಕಿಂತ ಹೆಚ್ಚು ಜನ ಬಂದರು. ಬೋರಿಕ್ ಸರ್ಕಾರ ಬೆಂಬಲಿಸಿದ ಆ ಕರಡಿಗೆ 48.6 ಲಕ್ಷ ಓಟು ಬಿತ್ತು. ಅವರು ಗೆದ್ದಾಗ ಬಿದ್ದದ್ದಕ್ಕಿಂತ ಇದು ಜಾಸ್ತಿ! ಆದರೆ ವಿರುದ್ಧ ಬಿದ್ದದ್ದು 78.8 ಲಕ್ಷ. ಹೆಚ್ಚಾಗಿ ಬಂದ 46 ಲಕ್ಷಕ್ಕೂ ಮೇಲ್ಪಟ್ಟ ಜನ ಆಟವನ್ನೇ ತಿರುಗಿಸಿಬಿಟ್ಟರು.

ಇಂಥವರು ಬಂದರೆ ಯಾರ ಕಡೆ ವಾಲುತ್ತಾರೆ ಎಂದು ಮೊದಲೇ ಹೇಳಲು ಆಗುತ್ತದಾ?

ಕೂಡುಕಳೆ

ಚಿಲಿ ಒಳ್ಳೆಯ ಉದಾಹರಣೆಯೇ, ಆದರೆ ಒಂದು ಎಚ್ಚರ. 46 ಲಕ್ಷ, 48.6 ಲಕ್ಷ ಎಂದು ಅಕ್ಕಪಕ್ಕ ಇಟ್ಟ ಕೂಡಲೇ ಅದೇ ಜನ ಮತ್ತೆ ಬಂದು ಹಾಕಿದರು ಎಂದು ಅನ್ನಿಸುತ್ತದೆ. ಬೋರಿಕ್‌ಗೆ ಹಾಕಿದವರಲ್ಲೂ ಕರಡು ಬೇಡ ಎಂದವರು ಇದ್ದಿರುತ್ತಾರೆ. ಹೊಸಬರಲ್ಲೂ ಬೇಕು ಎಂದವರು ಇದ್ದಿರುತ್ತಾರೆ. ಎರಡೂ ಸೇರಿ ಕೊನೆಗೆ ಕಾಣುವುದು ಮೊತ್ತ ಮಾತ್ರ. ಆ ಕರಡೂ ಅಷ್ಟೇ, ಮತದಾನಕ್ಕೆ ತಿಂಗಳುಗಳ ಮುಂಚಿನಿಂದಲೇ ಸಮೀಕ್ಷೆಗಳಲ್ಲಿ ಹಿಂದೆ ಬಿದ್ದಿತ್ತು.

ಇನ್ನೊಂದು ಲೆಕ್ಕ ಹೇಳುತ್ತೇನೆ, ಮುಂದಿನ ಮಾತಿಗೆಲ್ಲ ಬೇಕಾಗುತ್ತದೆ. ಒಬ್ಬರಿಗೆ 520, ಇನ್ನೊಬ್ಬರಿಗೆ 480 ಓಟು ಎಂದುಕೊಳ್ಳಿ. ಗೆದ್ದವರ ಕಡೆಯಿಂದ 21 ಜನ ಆ ಕಡೆಗೆ ಹಾರಿದರೆ 499ಕ್ಕೆ 501, ಫಲಿತಾಂಶ ಉಲ್ಟಾ. ಅದೇ ಜನ ಹಾರದೆ ಸುಮ್ನೆ ಮನೆಯಲ್ಲಿ ಕೂತರೆ? 21 ಸಾಲದು, 41 ಜನ ಕೂರಬೇಕು. ಪಕ್ಷ ಬದಲಿಸಿದ ಒಬ್ಬ ಮತದಾರ ಮನೆಯಲ್ಲಿ ಉಳಿದ ಇಬ್ಬರಿಗೆ ಸಮ. ಹಾಗಿದ್ದೂ ಪಕ್ಷಗಳು ತಮ್ಮವರನ್ನು ಮನೆಯಿಂದ ಹೊರಡಿಸಲು ಅಷ್ಟು ದುಡ್ಡು ಸುರಿಯುವುದು ಯಾಕೆಂದರೆ, ಇನ್ನೊಬ್ಬರ ಕಟ್ಟಾ ಮತದಾರನ ಮನಸ್ಸು ತಿರುಗಿಸುವುದು ಅದಕ್ಕಿಂತ ಎಷ್ಟೋ ಪಟ್ಟು ಕಷ್ಟ.

ಹಿಂದಿನಬೆಂಚು

ಒಂದು ದಡ್ಡ ಪ್ರಶ್ನೆ. ಓಟು ಹಾಕಲು ಸೋಮಾರಿತನ ಮಾಡುವವರ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಯಾಕೆ? ಬಂದವರು ತೀರ್ಮಾನ ಮಾಡಲಿ. ಬರದವರಿಗೆ ಮಾತಾಡುವ ಹಕ್ಕಿಲ್ಲ.

ಸಂಜೆ ಆರರ ಸಾಲು

ಫ್ರಾನ್ಸ್‌ನವರನ್ನು ಕೇಳಿ ಸರ್. 2002ರ ಏಪ್ರಿಲ್ 21. ಅಲ್ಲಿ ಅಧ್ಯಕ್ಷರ ಚುನಾವಣೆ ಎರಡು ಸುತ್ತು. ಮೊದಲ ಸುತ್ತಿನ ಮೊದಲಿಬ್ಬರು ಎರಡನೇ ಸುತ್ತಿಗೆ. ಆಗ ಅಧ್ಯಕ್ಷರಾಗಿದ್ದ ಬಲಪಂಥದ ಜಾಕ್ ಶಿರಾಕ್ ಮತ್ತು ಎಡಪಂಥದ ಪ್ರಧಾನಿ ಲಿಯೊನೆಲ್ ಜೋಸ್ಪಾನ್ ಇಬ್ಬರೇ ಕೊನೆಗೆ ಉಳಿಯುವುದು ಎಂದು ಎಲ್ಲರೂ ಬರೆದುಕೊಂಡಿದ್ದರು. ಹೇಗೂ ಇವರೇ ಬರುತ್ತಾರಲ್ಲ ಎಂದು ಶೇ 28ಕ್ಕಿಂತ ಹೆಚ್ಚು ಜನ ಮನೆಯಲ್ಲೇ ಉಳಿದರು. ಎಡಪಂಥದ ಓಟು ಹಲವು ಅಭ್ಯರ್ಥಿಗಳಲ್ಲಿ ಹಂಚಿಹೋಯಿತು. ಕಣದಲ್ಲಿದ್ದವರು 16 ಜನ. ಫಲಿತಾಂಶ ಬಂದಾಗ ತೀವ್ರ ಬಲಪಂಥದ ಜಾನ್ ಮರಿ ಲೆ ಪೆನ್‌ಗೆ ಶೇ 16.9, ಜೋಸ್ಪಾನ್‌ಗೆ ಶೇ 16.2. ಅಂತರ ಎರಡು ಲಕ್ಷಕ್ಕಿಂತ ಕಮ್ಮಿ. ನಾಲ್ಕು ಕೋಟಿಗೂ ಹೆಚ್ಚು ಮತದಾರರ ದೇಶದಲ್ಲಿ!

ಎರಡನೇ ಸುತ್ತಿನ ಹೊತ್ತಿಗೆ ಬೀದಿಯಲ್ಲಿ ದೊಡ್ಡ ದೊಡ್ಡ ಮೆರವಣಿಗೆ. ಬರದವರ ಪ್ರಮಾಣ ಶೇ 20ಕ್ಕೆ ಇಳಿಯಿತು. ಶಿರಾಕ್ ಶೇ 82 ತೆಗೆದುಕೊಂಡು ಗೆದ್ದರು. ಎಡಪಂಥದವರೇ ಸಾಲಲ್ಲಿ ನಿಂತು ಶಿರಾಕ್‌ಗೆ ಹಾಕಬೇಕಾಯಿತು. ಮೊದಲ ಸುತ್ತಲ್ಲಿ ಬಂದಿದ್ದರೆ ಆ ಪಾಡು ಇರಲಿಲ್ಲ. "ಬರದವರಿಗೆ ಹಕ್ಕಿಲ್ಲ" ಎಂದು ಹೇಳುವುದು ಸುಲಭ. ಆದರೆ ಬರದವರು ಮಾಡಿದ ತೀರ್ಮಾನವನ್ನು ಬಂದವರೂ ಅನುಭವಿಸಬೇಕು.

ಹಿಂದಿನಬೆಂಚು

ಸರಿ, ಇದು ಗೊತ್ತಿರಲಿಲ್ಲ. ಆದರೂ 16 ಜನ ನಿಂತಿದ್ದೇ ದೊಡ್ಡ ಕಾರಣ ಅಂತ ನನಗನ್ನಿಸುತ್ತದೆ.

ಹಳೇಪೇಪರ್

ಅಮೆರಿಕದ ಕಥೆ ಯಾರೂ ಎತ್ತಿಲ್ಲ. ಈ ವಿಷಯದಲ್ಲಿ ಅತಿ ಹೆಚ್ಚು ಸಂಶೋಧನೆ ನಡೆದಿರುವುದೇ ಅಲ್ಲಿ.

1960ರಲ್ಲೇ ಆಂಗಸ್ ಕ್ಯಾಂಪ್‌ಬೆಲ್ ಎಂಬ ಸಂಶೋಧಕರು ಒಂದು ವಿವರಣೆ ಕೊಟ್ಟಿದ್ದರು. ಮತದಾರರಲ್ಲಿ ಒಂದು ಗಟ್ಟಿ ತಿರುಳಿದೆ, ಸುತ್ತ ಒಂದು ಅಂಚಿದೆ. ಅಧ್ಯಕ್ಷರ ಚುನಾವಣೆ ಎಂದರೆ ಗದ್ದಲ ಜಾಸ್ತಿ, ಆಗ ಅಂಚಿನವರೂ ಬರುತ್ತಾರೆ, ಗೆಲ್ಲುವ ಅಭ್ಯರ್ಥಿ ಕಡೆ ವಾಲುತ್ತಾರೆ. ಎರಡು ವರ್ಷದ ನಂತರ ಮಧ್ಯಾವಧಿ ಚುನಾವಣೆ, ಅಂದರೆ ಅಧ್ಯಕ್ಷರ ಅವಧಿಯ ನಡುವೆ ಬರುವ ಸಂಸತ್ ಚುನಾವಣೆ. ಗದ್ದಲ ಕಮ್ಮಿ, ಅಂಚಿನವರು ಮಾಯ. ಅಧ್ಯಕ್ಷರ ಪಕ್ಷ ಸೀಟು ಕಳೆದುಕೊಳ್ಳುತ್ತದೆ. ಕಳೆದ ನೂರು ವರ್ಷಗಳಲ್ಲಿ ಕೆಳಮನೆಯಲ್ಲಿ ಇದಕ್ಕೆ ಹೊರತಾದದ್ದು ಮೂರೇ ಸಲ: 1934, 1998, 2002. ಇದೊಂದೇ ಕಾರಣ ಎಂದು ಈಗ ಯಾರೂ ಹೇಳುವುದಿಲ್ಲ. ಮನಸ್ಸು ಬದಲಿಸುವವರೂ ಬೇಕಾದಷ್ಟು ಇರುತ್ತಾರೆ. ಆದರೂ ಅಂಚಿನವರು ಎಂಬ ಕಲ್ಪನೆ ಹಾಗೇ ಉಳಿದುಕೊಂಡಿದೆ.

ಈಗ ಸ್ವಾರಸ್ಯದ ಭಾಗ. ಬಹಳ ವರ್ಷ ಅಲ್ಲಿ ಎರಡೂ ಪಕ್ಷದವರು ಒಂದು ಮಾತು ನಂಬಿದ್ದರು: ಅಂಚಿನವರು ಎಂದರೆ ಯುವಕರು, ಬಡವರು, ಬಾಡಿಗೆ ಮನೆಯವರು, ಅಲ್ಪಸಂಖ್ಯಾತರು, ಹಾಗಾಗಿ ಅವರು ಬಂದರೆ ಡೆಮಾಕ್ರಟಿಕ್ ಪಕ್ಷಕ್ಕೆ ಲಾಭ. 2014ರ ಮಧ್ಯಾವಧಿಯಲ್ಲಿ ಬಂದವರು ಶೇ 37ರ ಒಳಗೆ, ಎರಡನೇ ಮಹಾಯುದ್ಧದ ಕಾಲದಿಂದ ಈಚೆಗೆ ಅಷ್ಟು ಕಮ್ಮಿ ಆದದ್ದೇ ಇಲ್ಲ. ರಿಪಬ್ಲಿಕನ್ನರು ಗುಡಿಸಿ ಗೆದ್ದರು. ನಂಬಿಕೆ ಇನ್ನೂ ಗಟ್ಟಿಯಾಯಿತು. ಮತದಾನ ಸುಲಭ ಮಾಡಬೇಕೋ ಬಿಗಿ ಮಾಡಬೇಕೋ ಎಂದು ಕೋರ್ಟಿನ ತನಕ ಹೋದ ಜಗಳಗಳ ಹಿಂದೆ ಇದ್ದದ್ದು ಬಹುಪಾಲು ಇದೇ ಲೆಕ್ಕ.

ಆಮೇಲೆ ಏನಾಯಿತು ನೋಡಿ. ಪ್ಯೂ ರಿಸರ್ಚ್ ಸೆಂಟರ್ ಪ್ರತಿ ಚುನಾವಣೆ ನಂತರ ಜನರನ್ನು ಕೇಳಿ, ಅವರು ನಿಜವಾಗಿ ಓಟು ಹಾಕಿದ್ದಾರೋ ಇಲ್ಲವೋ ಎಂದು ಸರ್ಕಾರಿ ದಾಖಲೆ ಜೊತೆ ತಾಳೆ ನೋಡುತ್ತದೆ. 2020ರಲ್ಲಿ ಓಟು ಹಾಕದವರಲ್ಲಿ ಶೇ 46 ಜನ ಡೆಮಾಕ್ರಟಿಕ್ ಪಕ್ಷದ ಬೈಡನ್ ಪರ, ಶೇ 35 ರಿಪಬ್ಲಿಕನ್ ಪಕ್ಷದ ಟ್ರಂಪ್ ಪರ ಇದ್ದರು. 2024ರಲ್ಲಿ ಹಾಕದವರಲ್ಲಿ ಶೇ 44 ಟ್ರಂಪ್ ಪರ, ಶೇ 40 ಡೆಮಾಕ್ರಟಿಕ್ ಪಕ್ಷದ ಹ್ಯಾರಿಸ್ ಪರ. ನಾಲ್ಕೇ ವರ್ಷದಲ್ಲಿ ವಾಲು ಬದಲಾಗಿದೆ. ಎಲ್ಲರೂ ಬಂದು ಹಾಕಿದ್ದರೂ ಟ್ರಂಪ್ ಸೋಲುತ್ತಿರಲಿಲ್ಲ.

ಉಲ್ಟಾ ಕಡೆಯಿಂದ ನೋಡಬೇಕಾದರೆ ವಿಸ್ಕಾನ್ಸಿನ್ ರಾಜ್ಯ. 2024ರ ನವೆಂಬರ್‌ನಲ್ಲಿ ಅಲ್ಲಿ ಬಿದ್ದದ್ದು ಸುಮಾರು 34 ಲಕ್ಷ ಓಟು. ಟ್ರಂಪ್ 29 ಸಾವಿರ ಚಿಲ್ಲರೆ ಓಟಿನಿಂದ ಗೆದ್ದರು. ಐದು ತಿಂಗಳ ನಂತರ ಅದೇ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸ್ಥಾನಕ್ಕೆ ಚುನಾವಣೆ (ಅಲ್ಲಿ ಅದಕ್ಕೂ ಜನರೇ ಓಟು ಹಾಕುತ್ತಾರೆ). ಬಂದವರು ಸುಮಾರು 24 ಲಕ್ಷ. ಡೆಮಾಕ್ರಟರ ಬೆಂಬಲವಿದ್ದ ಅಭ್ಯರ್ಥಿ ಹತ್ತು ಪಾಯಿಂಟ್ ಅಂತರದಲ್ಲಿ ಗೆದ್ದರು. ಈಗ ಖಾಯಂ ಮತದಾರರು ಹೆಚ್ಚಾಗಿ ಡೆಮಾಕ್ರಟರ ಕಡೆ ಹೋಗಿದ್ದಾರೆ. ಹೆಚ್ಚು ಓದಿದವರು ತಪ್ಪದೆ ಓಟು ಹಾಕುವವರು, ಆ ವರ್ಗ ಡೆಮಾಕ್ರಟರ ಕಡೆ ಸರಿದಿದೆ. ಅದಕ್ಕೇ ಸಣ್ಣಪುಟ್ಟ ಚುನಾವಣೆಗಳಲ್ಲಿ ಅವರ ಕೈ ಮೇಲು.

ಶಾಯಿಬೆರಳು

ಹಾಗಾದರೆ ಚಿಲಿಯಲ್ಲಿ ನಾನು ನೋಡಿದ್ದು ಚಿಲಿಗೆ ಮಾತ್ರ, ಆ ವರ್ಷಕ್ಕೆ ಮಾತ್ರ. ಅಂಚಿನವರು ಖಾಯಂ ಯಾರ ಆಸ್ತಿಯೂ ಅಲ್ಲ.

ಬೂತ್ ಬಂಟ

ನಾನು ಮತದಾರರ ಪಟ್ಟಿ ಹಿಡಿದು ಮನೆಮನೆ ತಿರುಗಿದವನು. ಯಾವ ಪಕ್ಷ ಅಂತ ಕೇಳಬೇಡಿ. ಪಟ್ಟಿಯಲ್ಲಿ ಹೆಸರಿನ ಮುಂದೆ ಮೂರು ಗುರುತು: ನಮ್ಮವರು, ಅವರವರು, ಡೌಟು. ಆದರೆ ಮತದಾನದ ದಿನ ಮಧ್ಯಾಹ್ನ ಆ ಮೂರು ಗುರುತಿಗೂ ಬೆಲೆ ಇಲ್ಲ. ಆಗ ಬೇಕಾದ್ದು ನಾಲ್ಕನೆಯದು: ಬಂದರೋ ಇಲ್ಲವೋ. ಒಳಗೆ ಕೂತ ಏಜೆಂಟ್ ಕ್ರಮಸಂಖ್ಯೆ ಬರೆದು ಬರೆದು ಚೀಟಿ ಹೊರಗೆ ಕಳಿಸುತ್ತಾನೆ. ನಾವು ಹೊರಗೆ ಆ ಸಂಖ್ಯೆಗಳನ್ನು ಹೊಡೆಯುತ್ತಾ ಹೋಗುತ್ತೇವೆ. ಹೊಡೆಯದೆ ಉಳಿದ "ನಮ್ಮವರು" ಇದ್ದಾರಲ್ಲ, ಅವರ ಬಾಗಿಲಿಗೆ ಓಡುತ್ತೇವೆ.

ಬರದವರೆಲ್ಲ ಸೋಮಾರಿಗಳು ಅನ್ನುವ ಮಾತು ಪೂರ್ತಿ ಸರಿಯಲ್ಲ. ಕೆಲವರಿಗೆ ರಜೆ ಇಲ್ಲ. ಕೆಲವರ ಹೆಸರು ಹಳೇ ವಿಳಾಸದಲ್ಲೇ ಉಳಿದಿದೆ. ಮನೆಯಲ್ಲಿ ಕಾಯಿಲೆಯವರು ಇದ್ದಾರೆ. "ಯಾರು ಬಂದರೂ ಅಷ್ಟೇ" ಅನ್ನುವವರೂ ಇದ್ದಾರೆ, ಅವರನ್ನು ಎಬ್ಬಿಸುವುದು ಬಹಳ ಕಷ್ಟ.

ಕೂಡುಕಳೆ

ಈ ಎಬ್ಬಿಸುವ ಕೆಲಸವನ್ನು ಪ್ರಯೋಗ ಮಾಡಿ ಅಳೆದಿದ್ದಾರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆಲನ್ ಗರ್ಬರ್, ಡೊನಾಲ್ಡ್ ಗ್ರೀನ್ 1998ರಲ್ಲಿ ನ್ಯೂ ಹೇವನ್‌ನಲ್ಲಿ ಮಾಡಿದ ಪ್ರಯೋಗದಲ್ಲಿ ಬಾಗಿಲಿಗೆ ಬಂದು ಮುಖ ನೋಡಿ ಕೇಳಿದ್ದು ಕೆಲಸ ಮಾಡಿತು. ದುಡ್ಡು ಕೊಟ್ಟು ಮಾಡಿಸಿದ ಫೋನ್ ಕರೆಗಳಿಂದ ಏನೂ ಆಗಲಿಲ್ಲ.

ಇನ್ನೂ ಗಮ್ಮತ್ತಿನದು 2006ರ ಆಗಸ್ಟ್‌ನಲ್ಲಿ ಮಿಷಿಗನ್‌ನಲ್ಲಿ ನಡೆದದ್ದು. ಗರ್ಬರ್, ಗ್ರೀನ್, ಕ್ರಿಸ್ಟೊಫರ್ ಲಾರಿಮರ್ ಸೇರಿ ಮಾಡಿದ್ದು. ಹೆಚ್ಚು ಗದ್ದಲವಿಲ್ಲದ ಪ್ರೈಮರಿ ಚುನಾವಣೆ, ಅಂದರೆ ಪಕ್ಷಗಳ ಅಭ್ಯರ್ಥಿಗಳನ್ನು ಆರಿಸುವ ಚುನಾವಣೆ. ಬೇರೆ ಬೇರೆ ಮನೆಗಳಿಗೆ ಬೇರೆ ಬೇರೆ ಪತ್ರ ಹೋಯಿತು. ಒಂದು ಪತ್ರದಲ್ಲಿ "ಓಟು ಹಾಕುವುದು ನಿಮ್ಮ ಕರ್ತವ್ಯ" ಎಂದಷ್ಟೇ ಇತ್ತು. ಇನ್ನೊಂದರಲ್ಲಿ ಒಂದು ಪಟ್ಟಿ. ಮನೆಯವರ ಹೆಸರು, ಅಕ್ಕಪಕ್ಕದ ಮನೆಯವರ ಹೆಸರು, ಪಕ್ಕದಲ್ಲಿ ಎರಡು ಕಾಲಂ: 2004ರ ಆಗಸ್ಟ್, 2004ರ ನವೆಂಬರ್. ಹಾಕಿದ್ದರೆ "ಹಾಕಿದ್ದಾರೆ", ಹಾಕದಿದ್ದರೆ ಖಾಲಿ. ಚುನಾವಣೆ ಮುಗಿದ ಮೇಲೆ ಹೊಸ ಪಟ್ಟಿ ಕಳಿಸುತ್ತೇವೆ, ನಿಮ್ಮ ನೆರೆಯವರಿಗೂ ಕಳಿಸುತ್ತೇವೆ ಎಂಬ ಒಕ್ಕಣೆ ಬೇರೆ! ಯಾರಿಗೆ ಹಾಕಿದರು ಅನ್ನುವುದು ಗುಟ್ಟು, ಹಾಕಿದರೋ ಇಲ್ಲವೋ ಅನ್ನುವುದು ಅಲ್ಲಿ ಸಾರ್ವಜನಿಕ ದಾಖಲೆ.

ಪತ್ರವೇ ಹೋಗದ ಮನೆಗಳಲ್ಲಿ ಮತದಾನ ಶೇ 29.7. ಕರ್ತವ್ಯದ ಪತ್ರ ಹೋದಲ್ಲಿ ಶೇ 31.5. ನೆರೆಯವರ ಪಟ್ಟಿ ಹೋದಲ್ಲಿ ಶೇ 37.8. ಎಂಟು ಪಾಯಿಂಟ್ ಏರಿಕೆ, ಒಂದು ಕಾಗದಕ್ಕೆ.

ಸಂಜೆ ಆರರ ಸಾಲು

ನನ್ನ ಮನೆಗೆ ಅಂಥ ಕಾಗದ ಬಂದರೆ ನಾನು ಸಿಟ್ಟಿಗೇ ಓಟು ಹಾಕದೆ ಕೂರುತ್ತೇನೆ.

ಕೂಡುಕಳೆ

ಹಾಗೆ ಸಿಟ್ಟಾದವರೂ ಇದ್ದರು. ಅದಕ್ಕೇ ಪಕ್ಷಗಳು ಅದೇ ಒಕ್ಕಣೆಯನ್ನು ತಮ್ಮ ಹೆಸರಲ್ಲಿ ಕಳಿಸಲು ಅಂಜುತ್ತವೆ. ನನ್ನ ಪ್ರಕಾರ ಅಂಜುವುದೇ ಒಳ್ಳೆಯದು.

ಎಣಿಕೆ ಕೋಣೆ

ಶೇಕಡಾ ಲೆಕ್ಕದಲ್ಲಿ ಎಡವುವುದಕ್ಕೆ ಪೋಲೆಂಡ್ ನೋಡಿ. 2019ರಲ್ಲಿ ಆಡಳಿತದಲ್ಲಿದ್ದ "ಕಾನೂನು ಮತ್ತು ನ್ಯಾಯ" ಎಂಬ ಪಕ್ಷಕ್ಕೆ ಶೇ 43.6. 2023ರಲ್ಲಿ ಶೇ 35.4. ಎಂಟು ಪಾಯಿಂಟ್ ಕುಸಿತ! ಜನ ಕೈಬಿಟ್ಟರು ಎಂದು ತಲೆಬರಹ ಹಾಕಬಹುದು. ಈಗ ಓಟು ಎಣಿಸಿ: ಆಗ 80.5 ಲಕ್ಷ, ಈಗ 76.4 ಲಕ್ಷ. ಕಳೆದುಕೊಂಡದ್ದು ನಾಲ್ಕು ಲಕ್ಷ. ಉಳಿದ ಕುಸಿತವೆಲ್ಲ ಬಂದದ್ದು ಬೇರೆಯವರು ಹೆಚ್ಚಾಗಿ ಬಂದದ್ದರಿಂದ. ಮತದಾನ ಶೇ 62ರ ಹತ್ತಿರದಿಂದ ಶೇ 74ಕ್ಕೆ ಏರಿತ್ತು. 1989ರಿಂದ ಈಚೆಗೆ ಅದೇ ದಾಖಲೆ. ಪಕ್ಷ ಮೊದಲ ಸ್ಥಾನದಲ್ಲೇ ಇತ್ತು, ಆದರೆ ಬಹುಮತ ಹೋಯಿತು.

ಬ್ರಿಟನ್‌ನಲ್ಲಿ ಇದರ ಉಲ್ಟಾ. ಲೇಬರ್ ಪಕ್ಷ 2017ರಲ್ಲಿ 1.28 ಕೋಟಿ ಓಟು ತೆಗೆದುಕೊಂಡು ಸೋತಿತು. 2019ರಲ್ಲಿ 1.02 ಕೋಟಿ, ಸೀಟು 202. 2024ರಲ್ಲಿ 97 ಲಕ್ಷ, ಸೀಟು 411! ಮತದಾನ ಶೇ 67ರಿಂದ ಶೇ 60ಕ್ಕೆ ಬಿದ್ದಿತ್ತು. ಕನ್ಸರ್ವೇಟಿವ್ ಪಕ್ಷದ ಓಟು 1.39 ಕೋಟಿಯಿಂದ 68 ಲಕ್ಷಕ್ಕೆ ಇಳಿಯಿತು. ಒಂದಿಷ್ಟು ಜನ ರಿಫಾರ್ಮ್ ಪಕ್ಷಕ್ಕೆ ಹೋದರು, ಒಂದಿಷ್ಟು ಜನ ಮನೆಯಲ್ಲಿ ಉಳಿದರು. ಗೆದ್ದವರು ಅಲೆ ಎಂದರು. ನನಗೆ ಕಂಡದ್ದು ಎದುರಾಳಿಯ ಖಾಲಿ ಸಾಲು.

ಹಿಂದಿನಬೆಂಚು

ನಾಲ್ಕು ಲಕ್ಷ ಕಳೆದುಕೊಂಡರು ಅನ್ನುವುದೂ ನಿವ್ವಳ ಲೆಕ್ಕವೇ ಅಲ್ವಾ? ನಾಲ್ಕು ವರ್ಷದಲ್ಲಿ ತೀರಿಹೋದವರು, ಹೊಸದಾಗಿ ಹದಿನೆಂಟು ತುಂಬಿದವರು, ಆ ಕಡೆ ಈ ಕಡೆ ಹಾರಿದವರು ಎಲ್ಲ ಒಳಗೇ ಇದ್ದಾರೆ. ಮೇಲೆ ಚಿಲಿ ಬಗ್ಗೆ ಹೇಳಿದ ಎಚ್ಚರ ಪೋಲೆಂಡ್‌ಗೂ ಬೇಕು.

ಎಣಿಕೆ ಕೋಣೆ

ಬೇಕು. ಒಪ್ಪಿದೆ.

ಟೀಚರಮ್ಮ

ಭಾರತದ ಲೋಕಸಭಾ ಅಂಕಿಗಳನ್ನೂ ಸಾಲಾಗಿ ಇಟ್ಟು ನೋಡಿ. 2004ರಲ್ಲಿ ಶೇ 58, ಸರ್ಕಾರ ಸೋತಿತು. 2009ರಲ್ಲಿ ಮತ್ತೆ ಶೇ 58, ಸರ್ಕಾರ ಹೆಚ್ಚು ಸೀಟಿನೊಂದಿಗೆ ಮರಳಿತು. 2014ರಲ್ಲಿ ಶೇ 66, ಸರ್ಕಾರ ಸೋತಿತು. 2019ರಲ್ಲಿ ಶೇ 67, ಸರ್ಕಾರ ಹೆಚ್ಚು ಸೀಟಿನೊಂದಿಗೆ ಮರಳಿತು. ಒಂದೇ ಪ್ರಮಾಣಕ್ಕೆ ಎರಡು ಥರದ ಉತ್ತರ. "ಏರಿದರೆ ಆಡಳಿತಕ್ಕೆ ಏಟು" ಅನ್ನುವ ಸೂತ್ರ ಇಲ್ಲಿಗೇ ಬಿತ್ತು. ಅಂಕಿ ಒಂದೇ ಇದ್ದರೂ ಒಳಗಿನ ಜನ ಬದಲಾಗಬಹುದು. 2019ರಲ್ಲಿ ಮಹಿಳೆಯರ ಮತದಾನ ಪುರುಷರದ್ದನ್ನು ಕೂದಲೆಳೆಯಷ್ಟು ದಾಟಿತು. ಹಿಂದಿನ ದಶಕಗಳಲ್ಲಿ ಬಹಳ ಹಿಂದೆ ಇದ್ದದ್ದು. ಒಟ್ಟು ಶೇಕಡಾ ನೋಡಿದರೆ ಈ ಬದಲಾವಣೆ ಕಾಣುವುದೇ ಇಲ್ಲ.

ಭಾಗಿಸುವ ಸಂಖ್ಯೆಯದ್ದೂ ಒಂದು ತಕರಾರು. ಕೆಲವು ದೇಶಗಳಲ್ಲಿ ಪಟ್ಟಿಯಲ್ಲಿರುವ ಹೆಸರುಗಳಿಂದ ಭಾಗಿಸುತ್ತಾರೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಅರ್ಹರಾದ ಎಲ್ಲರಿಂದ. ಸತ್ತವರ ಹೆಸರು, ಎರಡೆರಡು ಕಡೆ ಇರುವ ಹೆಸರು ತೆಗೆದು ಪಟ್ಟಿ ಚೊಕ್ಕ ಮಾಡಿದರೆ, ಒಬ್ಬ ಮತದಾರನೂ ಹೆಚ್ಚಾಗದೆ ಶೇಕಡಾ ಏರಿಬಿಡುತ್ತದೆ. ನಿಜವಾದ ಮತದಾರರ ಹೆಸರೇ ತೆಗೆದರೂ ಏರುತ್ತದೆ. ಅದು ಇನ್ನೂ ಅಪಾಯ.

ಶಾಯಿಬೆರಳು

ಎಲ್ಲರೂ ಬರಲೇಬೇಕು ಎಂದು ಕಾನೂನು ಮಾಡಿದರೆ ಈ ತಲೆನೋವೇ ಇರುವುದಿಲ್ಲವಲ್ಲ?

ಹಳೇಪೇಪರ್

ಆಸ್ಟ್ರೇಲಿಯಾ ಮಾಡಿದೆ. 1922ರಲ್ಲಿ ಅಲ್ಲಿ ಶೇ 60 ಕೂಡ ಮುಟ್ಟಿರಲಿಲ್ಲ. 1924ರಲ್ಲಿ ಕಾನೂನು ಬಂತು. 1925ರ ಚುನಾವಣೆಯಲ್ಲಿ ಶೇ 91. ಈಗಲೂ ಶೇ 90ರ ಆಸುಪಾಸು. ತಪ್ಪಿಸಿದರೆ ದಂಡ 20 ಆಸ್ಟ್ರೇಲಿಯನ್ ಡಾಲರ್, ದೊಡ್ಡದೇನಲ್ಲ. ರಾಜ್ಯಗಳಲ್ಲಿ ಕಡ್ಡಾಯ ಬೇರೆ ಬೇರೆ ವರ್ಷ ಬಂದದ್ದರಿಂದ ಹೋಲಿಸಿ ನೋಡಲು ಅನುಕೂಲ ಆಯಿತು. ಆಂಥನಿ ಫೌಲರ್ ಎಂಬ ಸಂಶೋಧಕರು ಲೆಕ್ಕ ಹಾಕಿದಾಗ ಮತದಾನ 24 ಪಾಯಿಂಟ್ ಏರಿತ್ತು, ಲೇಬರ್ ಪಕ್ಷದ ಪಾಲು 7ರಿಂದ 10 ಪಾಯಿಂಟ್ ಏರಿತ್ತು. ಆಗ ಮನೆಯಲ್ಲಿ ಉಳಿಯುತ್ತಿದ್ದವರು ಹೆಚ್ಚಾಗಿ ದುಡಿಯುವ ವರ್ಗದವರು. ನೂರು ವರ್ಷದ ನಂತರ ಚಿಲಿಯಲ್ಲಿ ಅದೇ ಕಡ್ಡಾಯ ಎಡಪಂಥಕ್ಕೆ ಉಲ್ಟಾ ಹೊಡೆಯಿತು.

ನಾನು ಕಡ್ಡಾಯದ ಪರ. ಲಾಭ ಯಾರಿಗೆ ಎಂದಲ್ಲ. ಹಾಗೆ ಮಾಡಿದರೆ ಪಕ್ಷಗಳಿಗೆ ತಮ್ಮವರನ್ನು ಕೆರಳಿಸಿ ಕರೆತರುವ ಕೆಲಸ ತಪ್ಪುತ್ತದೆ, ನಡುವಿನವರ ಜೊತೆ ಮಾತಾಡಬೇಕಾಗುತ್ತದೆ.

ಬೂತ್ ಬಂಟ

ನಾನು ಒಪ್ಪುವುದಿಲ್ಲ. ಬರದೇ ಇರುವುದೂ ಒಂದು ಅಸ್ತ್ರ. ಇಟಲಿಯಲ್ಲಿ ಇರುವ ಕಾನೂನನ್ನು ರದ್ದು ಮಾಡುವ ಜನಮತ ಸಿಂಧುವಾಗಬೇಕಾದರೆ ಅರ್ಧಕ್ಕಿಂತ ಹೆಚ್ಚು ಮತದಾರರು ಬರಬೇಕು. 2025ರ ಜೂನ್‌ನಲ್ಲಿ ಕಾರ್ಮಿಕ ಕಾನೂನು, ಪೌರತ್ವದ ಮೇಲೆ ಐದು ಪ್ರಶ್ನೆ ಇಟ್ಟರು. ಬಂದವರು ಶೇ 30ರಷ್ಟು, ಎಲ್ಲ ಅಸಿಂಧು. ಪ್ರಧಾನಿ ಜಾರ್ಜಿಯಾ ಮೆಲೋನಿ ಮತಗಟ್ಟೆಗೆ ಬಂದರು, ಮತಪತ್ರ ಮಾತ್ರ ತೆಗೆದುಕೊಳ್ಳದೆ ಹೋದರು! ತೆಗೆದುಕೊಂಡು ಬೇಡ ಎಂದಿದ್ದರೂ ಅದು ಹಾಜರಾತಿಗೆ ಸೇರುತ್ತಿತ್ತು.

ಎಣಿಕೆ ಕೋಣೆ

ಆ ಅಸ್ತ್ರ ಕೋರಂ, ಅಂದರೆ ಕನಿಷ್ಠ ಇಷ್ಟು ಜನ ಬರಲೇಬೇಕು ಎಂಬ ನಿಯಮ, ಇದ್ದಲ್ಲಿ ಮಾತ್ರ ಕೆಲಸ ಮಾಡುತ್ತದೆ. ವೆನೆಜುವೆಲಾದಲ್ಲಿ 2005ರಲ್ಲಿ ವಿರೋಧ ಪಕ್ಷಗಳು ಸಂಸತ್ ಚುನಾವಣೆ ಬಹಿಷ್ಕರಿಸಿದವು. ಬಂದವರು ಶೇ 25ರಷ್ಟು. ಕೋರಂ ಇರಲಿಲ್ಲ. 167 ಸೀಟೂ ಆಗಿನ ಅಧ್ಯಕ್ಷ ಹ್ಯೂಗೋ ಚಾವೆಸ್ ಪರ ಇದ್ದವರಿಗೇ ಹೋಯಿತು. ಐದು ವರ್ಷ ಸದನದ ಹೊರಗೆ ನಿಂತು ನೋಡುವ ಹಾಗಾಯಿತು.

ಹಿಂದಿನಬೆಂಚು

ಕೊನೆಯದಾಗಿ ಒಂದು. ಮುಂದಿನ ಸಲ ಪ್ರಮಾಣ ಏರಿದೆ ಎಂದು ಸುದ್ದಿ ಬಂದಾಗ ನಾನು ಏನು ನೋಡಬೇಕು?

ಕೂಡುಕಳೆ

ಮೊದಲು ಶೇಕಡಾ ಬಿಟ್ಟು ಒಟ್ಟು ಓಟು ನೋಡಿ. ಕಳೆದ ಸಲದ ಒಟ್ಟು ಓಟಿನ ಪಕ್ಕ ಇಡಿ. ಆಮೇಲೆ ಎಲ್ಲೆಲ್ಲಿ ಏರಿದೆ ನೋಡಿ. ಒಂದು ಪಕ್ಷದ ಗಟ್ಟಿ ಜಾಗಗಳಲ್ಲಿ ಏರಿ, ಇನ್ನೊಂದರ ಜಾಗಗಳಲ್ಲಿ ಇಳಿದಿದ್ದರೆ ಏನೋ ಸುಳಿವು ಸಿಗುತ್ತದೆ. ಎಲ್ಲ ಕಡೆ ಸಮನಾಗಿ ಏರಿದ್ದರೆ ಅದರಿಂದ ಫಲಿತಾಂಶ ಊಹಿಸಲು ಹೋಗಬೇಡಿ. ಸಮೀಕ್ಷೆಯಲ್ಲಿ "ನಾನು ಖಂಡಿತ ಹಾಕುತ್ತೇನೆ", "ಹಾಕಿದ್ದೆ" ಎನ್ನುವವರ ಸಂಖ್ಯೆಯನ್ನು ಪೂರ್ತಿ ನಂಬಬೇಡಿ. ಹಾಕದವರೂ ಹಾಕಿದ್ದೇನೆ ಎನ್ನುತ್ತಾರೆ, ಇದು ದಾಖಲೆ ತಾಳೆ ನೋಡಿದಾಗಲೆಲ್ಲ ಸಿಕ್ಕಿಬಿದ್ದಿದೆ.

ಬೂತ್ ಬಂಟ

ಸುಳಿವು ಅಷ್ಟೇ. ಒಂದು ಬೂತಲ್ಲಿ 60 ಜನ ಜಾಸ್ತಿ ಬಂದು, ಒಂದು ಪಕ್ಷಕ್ಕೆ 60 ಓಟು ಜಾಸ್ತಿ ಬಿದ್ದರೂ, ಆ ಓಟು ಅವೇ 60 ಜನರದ್ದು ಎಂದು ಹೇಳುವ ಹಾಗಿಲ್ಲ. ಹಳಬರು ಹಾರಿರಬಹುದು, ಹೊಸಬರು ಅರ್ಧರ್ಧ ಹಂಚಿಹೋಗಿರಬಹುದು.

ಹಳೇಪೇಪರ್

ಅದಕ್ಕೇ ಪ್ಯೂ ಥರದವರು ಒಬ್ಬೊಬ್ಬರ ಉತ್ತರವನ್ನೂ ದಾಖಲೆಗೆ ತಾಳೆ ಹಾಕುವುದು. 2024ರ ನವೆಂಬರ್ ಚುನಾವಣೆಯ ಆ ವರದಿ ಬಂದದ್ದು 2025ರ ಜೂನ್‌ನಲ್ಲಿ. ಅಲ್ಲಿಯ ತನಕ ಯಾರು ಯಾಕೆ ಗೆದ್ದರು ಎಂದು ಹೇಳುವವರದ್ದೆಲ್ಲ ಅಂದಾಜೇ.